‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಟ್ಟುಬಿಟ್ಟೆ, ಈಗೇನು ಮಾಡಲಿ?

ಪ್ರಶ್ನೆ: ನನಗೆ 36 ವರ್ಷ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಲೈನ್‌ಮನ್ ಆಗಿದ್ದೇನೆ. ಸಂಜೆ ಹೊತ್ತು ಹೈಸ್ಕೂಲ್ ಮೈದಾನದಲ್ಲಿ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಫೀಸು ಗೀಸು ಏನೂ ಇಲ್ಲ, ಆಸೆಗೆ ಮಾಡುವ ಕೆಲಸ. ಫಸ್ಟ್ ಪಿಯುಸಿ ಓದುವ 16 ವರ್ಷದ ಹುಡುಗನೊಬ್ಬ ನಮ್ಮ ಟೀಮಿನ ಒಳ್ಳೆಯ ರೈಡರ್. ಎರಡು ತಿಂಗಳಿಂದ ಪ್ರಾಕ್ಟೀಸಿಗೆ ಸರಿಯಾಗಿ ಬರುತ್ತಿಲ್ಲ. ಬಂದರೂ ಗಮನ ಎಲ್ಲೋ ಇರುತ್ತದೆ. ಹೋದ ವಾರ ಅವನ ಬ್ಯಾಗಿನಿಂದ ಗಾಂಜಾ ಪೊಟ್ಟಣ, ಸುತ್ತುವ ಪೇಪರು ಕೆಳಗೆ ಬಿದ್ದವು. ಪೊಟ್ಟಣ ಕಿತ್ತುಕೊಂಡು ಟಾಯ್ಲೆಟ್ಟಿಗೆ ಸುರಿದೆ. ಹುಡುಗ ಅತ್ತುಬಿಟ್ಟ. ‘ಅಣ್ಣ, ಅಪ್ಪಂಗೆ ಗೊತ್ತಾದ್ರೆ ಸಾಯಿಸ್ತಾರೆ, ಯಾರಿಗೂ ಹೇಳ್ಬೇಡಿ’ ಅಂದ. ‘ಹೇಳಲ್ಲ ಬಿಡೋ’ ಅಂತ ಮಾತು ಕೊಟ್ಟುಬಿಟ್ಟೆ. ಅವನ ಅಪ್ಪ ಕುಡಿಯುತ್ತಾರೆ, ಹೊಡೆಯುತ್ತಾರೆ ಅನ್ನುವುದು ಬೀದಿಗೆಲ್ಲ ಗೊತ್ತು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನನ್ನ ಜೊತೆ ಕೋಚಿಂಗ್ ಮಾಡುವ ಗೆಳೆಯ ‘ಅವನನ್ನ ಟೀಮಿಂದ ತೆಗಿ, ಉಳಿದವರೂ ಹಾಳಾಗ್ತಾರೆ’ ಅನ್ನುತ್ತಾನೆ. ‘ಪೊಲೀಸು ಕೇಸು ಅಂತಾದರೆ ನಿಮ್ಮ ಕೆಲಸಕ್ಕೇ ಕುತ್ತು’ ಅಂತ ಹೆಂಡತಿಗೆ ಭಯ. ಮುಂದಿನ ತಿಂಗಳು ಜಿಲ್ಲಾ ಮಟ್ಟದ ಸೆಲೆಕ್ಷನ್ ಬೇರೆ ಇದೆ. ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಕಪ್ ಗೆದ್ದ ದಿನ ಸೀನಿಯರ್ ಹುಡುಗರ ಜೊತೆ ನಾನೂ ಬಿಯರ್ ಕುಡಿಯುತ್ತೇನೆ. ಅವನಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯಾ?

ಉತ್ತರ: ಅಳುತ್ತಾ ನಿಂತ ಹುಡುಗನ ಮುಂದೆ ‘ಹೇಳಲ್ಲ’ ಅನ್ನದೆ ಇರುವವರು ಕಡಿಮೆ. ಅದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಆದರೆ ಆ ಮಾತನ್ನು ಹಾಗೇ ಉಳಿಸಿಕೊಳ್ಳಲು ನಿಮ್ಮಿಂದ ಆಗುವುದಿಲ್ಲ, ಉಳಿಸಿಕೊಳ್ಳಲೂ ಬಾರದು. ಹದಿನಾರರ ಹುಡುಗನ ಗಾಂಜಾ ವಿಷಯ ಊರಲ್ಲಿ ಒಬ್ಬಿಬ್ಬರು ದೊಡ್ಡವರಿಗೆ ಮಾತ್ರ ಗೊತ್ತು, ಅವರೂ ಬಾಯಿ ಮುಚ್ಚಿಕೊಂಡಿದ್ದಾರೆ ಅಂದರೆ, ನಾಳೆ ಏನಾದರೂ ಹೆಚ್ಚುಕಡಿಮೆ ಆದಾಗ ಅವನ ಜೊತೆ ನೀವೂ ಸಿಕ್ಕಿಹಾಕಿಕೊಳ್ಳುತ್ತೀರಿ.

ಹಾಗಂತ ನಾಳೆ ಬೆಳಿಗ್ಗೆ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಹುಡುಗರಿಗೆ ದೊಡ್ಡವರ ಮೇಲೆ ನಂಬಿಕೆ ಹೋಗುವುದು ವಿಷಯ ಮನೆಗೆ ತಿಳಿದದ್ದರಿಂದ ಅಲ್ಲ, ತಮಗೆ ಹೇಳದೆ ತಿಳಿಸಿದ್ದರಿಂದ. ಆದ್ದರಿಂದ ಮಾತು ಬದಲಿಸುತ್ತಿದ್ದೀರಿ ಅನ್ನುವುದನ್ನು ಮೊದಲು ಅವನಿಗೇ ಹೇಳಿ. ಸುತ್ತಿ ಬಳಸಿ ಹೇಳುವುದೇನೂ ಬೇಡ. ‘ಅವತ್ತು ಯಾರಿಗೂ ಹೇಳಲ್ಲ ಅಂದೆ. ಯೋಚನೆ ಮಾಡಿದೆ, ಅದು ನನ್ನ ಕೈಲಾಗೋ ಮಾತಲ್ಲ. ಇದನ್ನ ನೀನೊಬ್ಬನೇ ನಿಭಾಯಿಸೋಕಾಗಲ್ಲ, ನಾನೊಬ್ಬನೇ ಇದ್ರೂ ಸಾಲಲ್ಲ. ಮನೇಲಿ ಯಾರಿಗೆ ಹೇಳೋದು ಅಂತ ನೀನೇ ಹೇಳು. ಹೇಳುವಾಗ ನಾನು ಪಕ್ಕದಲ್ಲಿರ್ತೀನಿ.’ ಇಷ್ಟು ಸಾಕು. ಸಿಟ್ಟು ಮಾಡಿಕೊಳ್ಳಬಹುದು. ಎರಡು ದಿನ ಪ್ರಾಕ್ಟೀಸಿಗೆ ಬರದೆಯೂ ಇರಬಹುದು. ಒಂದು ಫೋನ್ ಮಾಡಿ, ‘ನಾಳೆ ಬಾರೋ’ ಅನ್ನಿ.

ಒಂದು ವಾರ ಟೈಮ್ ಕೊಡಿ. ಅದಕ್ಕಿಂತ ಜಾಸ್ತಿ ಬೇಡ. ಕೆಲವು ಸಂದರ್ಭಗಳಲ್ಲಿ ಒಂದು ದಿನವೂ ಕಾಯಬೇಡಿ. ಸಾಯುವ ಮಾತಾಡುತ್ತಿದ್ದರೆ, ಯಾರೋ ಹಿಂಬಾಲಿಸುತ್ತಿದ್ದಾರೆ, ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅನ್ನುತ್ತಿದ್ದರೆ, ಮಾತ್ರೆ ಪುಡಿ ಮಾಡಿ ಚುಚ್ಚಿಕೊಳ್ಳುತ್ತಿದ್ದರೆ, ಪಂಕ್ಚರ್ ಸೊಲ್ಯೂಷನ್ ಮೂಸುತ್ತಿದ್ದರೆ ಅವತ್ತೇ ಆಸ್ಪತ್ರೆ, ಅವತ್ತೇ ಮನೆಯವರು. ಸೊಲ್ಯೂಷನ್, ವೈಟ್ನರ್ ವಿಷಯ ಯಾಕೆ ಎತ್ತಿದೆ ಅಂದರೆ, 2019ರ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಚಟ ಇದೊಂದೇ. ಗಾಂಜಾ ವಾಸನೆ ಹಿಡಿದ ನಾವು ಇದನ್ನು ಗಮನಿಸುವುದೇ ಇಲ್ಲ. ಹುಡುಗ ಪ್ರಜ್ಞೆ ತಪ್ಪಿ ಬಿದ್ದರೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ. ನಮ್ಮ ಕಡೆ ನಶೆ ಇಳಿಸಲು ನಿಂಬೆಹಣ್ಣು, ಮಜ್ಜಿಗೆ, ಹುಣಸೆ ನೀರು ಅಂತ ಬಾಯಿಗೆ ಹುಯ್ಯುತ್ತಾರೆ. ಪ್ರಜ್ಞೆ ಇಲ್ಲದವನ ಬಾಯಿಗೆ ಏನೇ ಹಾಕಿದರೂ ಶ್ವಾಸಕೋಶಕ್ಕೆ ಹೋಗಬಹುದು. ಯಾರಾದರೂ ಲೋಟ ಹಿಡಿದು ಬಂದರೆ ತಡೆಯಿರಿ.

ಇನ್ನು ಅವನ ಜೊತೆ ಕೂತು ಮಾತಾಡುವ ವಿಷಯ. ನಿಮ್ಮಿಂದ ನಿಜವಾಗಿ ಆಗಬೇಕಾದ ಕೆಲಸ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಟೀಮಿನ ಮುಂದೆ ಬೇಡ. ಅವನು ನಶೆಯಲ್ಲಿದ್ದಾಗಲೂ ಬೇಡ, ಆಗ ಹೇಳಿದ್ದು ತಲೆಗೆ ಹೋಗುವುದಿಲ್ಲ. ಎದುರುಬದುರು ಕೂರಿಸಿಕೊಂಡರೆ ವಿಚಾರಣೆ ಥರ ಆಗುತ್ತದೆ. ಪ್ರಾಕ್ಟೀಸ್ ಮುಗಿದ ಮೇಲೆ ಮೈದಾನಕ್ಕೆ ಎರಡು ಸುತ್ತು ನಡೆಯುತ್ತಾ ಮಾತಾಡಿ. ಹದಿನಾರರ ಹುಡುಗರು ಕಣ್ಣಲ್ಲಿ ಕಣ್ಣಿಟ್ಟು ಹೇಳದ್ದನ್ನು ಪಕ್ಕದಲ್ಲಿ ನಡೆಯುತ್ತಾ ಹೇಳುತ್ತಾರೆ.

‘ಯಾಕೋ ಹಿಂಗ್ಮಾಡ್ದೆ?’ ಅಂತ ಶುರು ಮಾಡಬೇಡಿ. ಅದು ಪ್ರಶ್ನೆಯ ವೇಷ ಹಾಕಿದ ಬೈಗುಳ ಅಂತ ಅವನಿಗೆ ಚೆನ್ನಾಗಿ ಗೊತ್ತು. ‘ಗೊತ್ತಿಲ್ಲ ಅಣ್ಣ’ ಅನ್ನುತ್ತಾನೆ, ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು, ‘ಅದನ್ನ ಸೇದಿದಾಗ ನಿನಗೆ ಹೇಗನ್ಸುತ್ತೆ?’ ಅಂತ ಕೇಳಿ. ಕೇಳಿ ಸುಮ್ಮನಿರಿ. ಕೋಚ್‌ಗಳಿಗೆ ಸುಮ್ಮನಿರುವುದು ಕಷ್ಟ, ಗೊತ್ತು. ‘ಮಜಾ ಬರುತ್ತೆ’ ಅನ್ನಬಹುದು. ‘ಗೆಳೆಯರು ಕೊಟ್ರು’ ಅನ್ನಬಹುದು. ‘ರಾತ್ರಿ ನಿದ್ದೆ ಬರುತ್ತೆ ಅಣ್ಣ’ ಅನ್ನಲೂಬಹುದು. ಈ ಮೂರಕ್ಕೂ ಬೇಕಾದ ಸಹಾಯ ಬೇರೆ ಬೇರೆ. ಅಪ್ಪ ರಾತ್ರಿ ಕುಡಿದು ಬಂದು ಗಲಾಟೆ ಮಾಡುವ ಮನೆಯಲ್ಲಿ ನಿದ್ದೆಗೋಸ್ಕರ ಸೇದುವ ಹುಡುಗನಿಗೆ ‘ಕೆಟ್ಟ ಸಹವಾಸ ಬಿಡು’ ಅಂದರೆ ಅವನ ಕಷ್ಟ ನಿಮಗೆ ಅರ್ಥವೇ ಆಗಿಲ್ಲ ಅಂತಾಯಿತು.

ವೈದ್ಯರು ಈ ವಯಸ್ಸಿನವರನ್ನು ಕೆಲವು ಪ್ರಶ್ನೆ ಕೇಳುತ್ತಾರೆ. ಒಬ್ಬನೇ ಇದ್ದಾಗಲೂ ಸೇದುತ್ತೀಯಾ? ಮನಸ್ಸು ಹಗುರ ಮಾಡಿಕೊಳ್ಳೋಕೆ ಅಂತ ಸೇದುತ್ತೀಯಾ? ಸೇದಿದಾಗ ಏನು ಮಾಡಿದೆ ಅನ್ನುವುದೇ ಮರೆತುಹೋಗುತ್ತಾ? ಕಡಿಮೆ ಮಾಡು ಅಂತ ಗೆಳೆಯರೇ ಹೇಳಿದ್ದಾರಾ? ನಶೆಯಲ್ಲಿ ಬೈಕ್ ಓಡಿಸಿದ್ದೀಯಾ, ಅಥವಾ ನಶೆಯಲ್ಲಿ ಓಡಿಸುವವರ ಹಿಂದೆ ಕೂತಿದ್ದೀಯಾ? ಇದರಿಂದ ಎಲ್ಲಾದರೂ ತೊಂದರೆಗೆ ಸಿಕ್ಕಿಹಾಕಿಕೊಂಡಿದ್ದೀಯಾ? ಪಟ್ಟಿ ಹಿಡಿದು ಓದಬೇಡಿ, ಮಾತಿನ ಮಧ್ಯೆ ಕೇಳಿ. ಎರಡಕ್ಕೆ ಹೌದು ಅಂದರೂ ವೈದ್ಯರು ನೋಡಲೇಬೇಕು. ಬೈಕ್ ಒಂದಕ್ಕೇ ಹೌದು ಅಂದರೂ ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಅವನೂ ವಾದ ಮಾಡುತ್ತಾನೆ, ತಯಾರಾಗಿ ಹೋಗಿ. ‘ಸೊಪ್ಪು ತಾನೇ ಅಣ್ಣ, ಸಾಧುಗಳೂ ಸೇದ್ತಾರೆ, ಎಣ್ಣೆಗಿಂತ ವಾಸಿ.’ ಇಲ್ಲಿ ದೊಡ್ಡವರೆಲ್ಲ ‘ಒಂದ್ಸಲ ಸೇದಿದ್ರೆ ಮುಗೀತು ನಿನ್ನ ಕಥೆ’ ಅಂತ ಹೆದರಿಸಲು ಹೋಗುತ್ತಾರೆ. ಅವನು ಆಗಲೇ ಎಷ್ಟೋ ಸಲ ಸೇದಿದ್ದಾನೆ, ಕಥೆ ಮುಗಿದಿಲ್ಲ. ಒಂದು ಸುಳ್ಳು ಕಂಡುಹಿಡಿದರೆ ಆಮೇಲೆ ನೀವು ಹೇಳುವ ನಿಜವನ್ನೂ ನಂಬುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ. ಸೇದುವವರೆಲ್ಲ ಚಟಕ್ಕೆ ಬೀಳುವುದಿಲ್ಲ. ಅಮೆರಿಕದ ಸಂಶೋಧಕರ ಅಂದಾಜಿನಲ್ಲಿ ಗಾಂಜಾ ಸೇದುವವರಲ್ಲಿ ಸುಮಾರು ಹತ್ತಕ್ಕೆ ಒಬ್ಬರು ಬಿಡಲಾಗದ ಸ್ಥಿತಿಗೆ ಹೋಗುತ್ತಾರೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಅದು ಆರಕ್ಕೆ ಒಬ್ಬರು. ಮುಂದಾಲೋಚನೆ ಮಾಡುವ, ಆಸೆಗೆ ಬ್ರೇಕ್ ಹಾಕುವ ಮಿದುಳಿನ ಭಾಗ ಬಲಿಯಲು ಸುಮಾರು 25 ವರ್ಷ ಬೇಕು. ಅಲ್ಲಿಯವರೆಗೆ ನೆನಪು, ಗಮನ, ಎದುರಾಳಿ ಕೈ ಚಾಚಿದಾಗ ತಟ್ಟನೆ ತಿರುಗುವ ಚುರುಕು, ಎಲ್ಲಕ್ಕೂ ಪೆಟ್ಟು. ಇವನು ರೈಡರ್ ಅಲ್ವಾ, ಕೊನೆಯದು ಅವನಿಗೆ ಬೇಗ ಅರ್ಥವಾಗುತ್ತದೆ. ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತಾ ಅಂತಲೂ ಕೇಳಿ. ಇದ್ದರೆ ಈ ವಯಸ್ಸಿನ ಗಾಂಜಾ ಇನ್ನೂ ಅಪಾಯ, ಭ್ರಮೆ ಸಂಶಯಗಳ ಕಾಯಿಲೆ ಬೇಗ ಹೊರಬರಬಹುದು. ಮುಂದೆ ದೊಡ್ಡ ಟೂರ್ನಿ ಆಡುವ ಆಸೆ ಇದ್ದರೆ, ಪಂದ್ಯದ ಸಮಯದಲ್ಲಿ ಗಾಂಜಾ ನಿಷೇಧಿತ ಪದಾರ್ಥ, ದಿನಾ ಸೇದುವವರ ಮೂತ್ರದಲ್ಲಿ ವಾರಗಟ್ಟಲೆ ಸಿಗುತ್ತದೆ ಅನ್ನುವುದನ್ನೂ ಹೇಳಿ. ಆದರೆ ಮೂತ್ರ ಪರೀಕ್ಷೆಯ ಕಿಟ್ ತಂದು ನೀವೇ ಪರೀಕ್ಷೆ ಮಾಡಲು ಹೋಗಬೇಡಿ. ಎಲ್ಲರ ಬ್ಯಾಗ್ ತಡಕುವುದೂ ಬೇಡ. ನೀವು ಕೋಚ್, ಚೆಕ್‌ಪೋಸ್ಟ್ ಅಲ್ಲ.

ಆಣೆ ಮಾತ್ರ ಮಾಡಿಸಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದೇ ಅದು. ಧರ್ಮಸ್ಥಳದ ಮೇಲೆ ಆಣೆ, ಅಮ್ಮನ ತಲೆ ಮುಟ್ಟಿ ಆಣೆ, ಗೆದ್ದ ಕಪ್ಪಿನ ಮೇಲೆ ಆಣೆ. ಬಿಡುವ ಪ್ರಯತ್ನದಲ್ಲಿ ಒಂದೆರಡು ಸಲ ಜಾರುವುದು ಮಾಮೂಲು. ಆಣೆ ಇಟ್ಟವನು ಜಾರಿದರೆ ಗಾಂಜಾದ ಜೊತೆ ಪಾಪದ ಭಯವೂ ಸೇರಿಕೊಳ್ಳುತ್ತದೆ. ‘ಹೇಗೂ ಕೆಟ್ಟಾಯ್ತು’ ಅಂತ ಇನ್ನೊಂದು ಸೇದುತ್ತಾನೆ, ನಿಮ್ಮ ಮುಂದೆ ಸುಳ್ಳು ಹೇಳುತ್ತಾನೆ. ಬೇಕಿದ್ದರೆ ಸಣ್ಣ ಒಪ್ಪಂದ ಮಾಡಿಕೊಳ್ಳಿ. ಈ ವಾರ ಸೇದುವ ಗುಂಪಿನ ಜೊತೆ ಹೋಗಲ್ಲ. ಪ್ರಾಕ್ಟೀಸಿಗೆ ನಶೆಯಲ್ಲಿ ಬರಲ್ಲ. ಜಾರಿದರೆ ಮುಚ್ಚಿಡಲ್ಲ, ಬಂದು ಹೇಳ್ತೀನಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದನ್ನು ಅವನು ಪಾಲಿಸುತ್ತಾನಾ ಅನ್ನುವುದು, ಬಂದು ಹೇಳಿದ ದಿನ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದರ ಮೇಲಿದೆ. ‘ಹೇಳಿದ್ದು ಒಳ್ಳೇದಾಯ್ತು. ಅವತ್ತು ಏನಾಯ್ತು, ಮೊದಲಿಂದ ಹೇಳು’ ಅಂದರೆ ಸಾಕು.

ಬಿಟ್ಟ ಮೊದಲ ದಿನಗಳಲ್ಲಿ ಹುಡುಗ ಸಿಡುಕುತ್ತಾನೆ. ನಿದ್ದೆ ಬರಲ್ಲ, ಊಟ ಸೇರಲ್ಲ, ಕೆಟ್ಟ ಕನಸು ಬೀಳುತ್ತವೆ. ಒಂದೆರಡು ದಿನದಲ್ಲಿ ಶುರುವಾಗಿ ಸಾಮಾನ್ಯವಾಗಿ ಎರಡು ವಾರದಲ್ಲಿ ಕಡಿಮೆಯಾಗುತ್ತದೆ. ಮನೆಯವರು ಇದನ್ನು ನೋಡಿ ‘ಮತ್ತೆ ಶುರು ಮಾಡ್ಕೊಂಡ’ ಅಂದುಕೊಂಡು ಬೈಯುತ್ತಾರೆ. ನಿಜದಲ್ಲಿ ಅವನು ಬಿಡುತ್ತಿರುವುದರ ಗುರುತು ಅದು. ಇದನ್ನು ಅವನ ಅಮ್ಮನಿಗೆ ಮೊದಲೇ ತಿಳಿಸಿ.

ಅಮ್ಮನ ವಿಷಯಕ್ಕೇ ಬರುತ್ತೇನೆ. ‘ಮನೆಗೆ ಹೇಳುವುದು’ ಅಂದ ತಕ್ಷಣ ನೀವು, ಹುಡುಗ ಇಬ್ಬರೂ ಅಪ್ಪನಿಗೆ ಹೇಳುವುದು ಅಂದುಕೊಂಡಿದ್ದೀರಿ. ಮನೆ ಅಂದರೆ ಅಪ್ಪ ಒಬ್ಬರೇನಾ? ಅಮ್ಮ ಇದ್ದಾರೆ. ಸೋದರಮಾವ ಇರಬಹುದು, ಮದುವೆಯಾದ ಅಕ್ಕ ಇರಬಹುದು, ಅಜ್ಜಿ ಇರಬಹುದು. ನಮ್ಮ ಮನೆಗಳಲ್ಲಿ ಅಪ್ಪನ ಕೈ ಹಿಡಿದು ತಡೆಯುವ ತಾಕತ್ತು ಎಷ್ಟೋ ಸಲ ಮಾವನಿಗೆ ಇರುತ್ತದೆ. ಯಾರು ಅನ್ನುವುದನ್ನು ಹುಡುಗನೇ ಆರಿಸಲಿ. ಅಪ್ಪನಿಗೆ ಯಾವಾಗ, ಹೇಗೆ ತಿಳಿಸುವುದು ಅಂತ ಆಮೇಲೆ ಅವರು, ಅಮ್ಮ ಸೇರಿ ಯೋಚಿಸಲಿ. ಅದು ನಿಮ್ಮ ತಲೆಗೆ ಬೇಡ.

ಆದರೆ ‘ಸಾಯಿಸ್ತಾರೆ’ ಅಂದನಲ್ಲ, ಅದನ್ನು ಮಾತಿಗೆ ಅಂದದ್ದು ಅಂತ ಬಿಟ್ಟುಬಿಡಬೇಡಿ. ‘ಹೊಡೆದಿದ್ದಾರಾ? ಯಾವುದರಲ್ಲಿ? ಗಾಯ ಆಗಿತ್ತಾ?’ ಅಂತ ಬಿಡಿಸಿ ಕೇಳಿ. ಬೆಲ್ಟು, ದೊಣ್ಣೆ, ರಕ್ತ ಅಂತ ಬಂದರೆ ಗಾಂಜಾಕ್ಕಿಂತ ದೊಡ್ಡ ಸಮಸ್ಯೆ ಅದೇ. ಮಕ್ಕಳ ಸಹಾಯವಾಣಿ 1098ಕ್ಕೆ ನೀವೇ ಫೋನ್ ಮಾಡಬಹುದು. ಊರವರೆಲ್ಲ ‘ಗೊತ್ತು’ ಅಂದುಕೊಂಡೇ ಇಷ್ಟು ವರ್ಷ ಸುಮ್ಮನಿದ್ದಾರೆ ಅನ್ನುವುದು ನಿಮ್ಮ ಪತ್ರ ಓದಿದಾಗ ನನಗೆ ಚುಚ್ಚಿದ ಸಂಗತಿ.

ವೈದ್ಯರ ಹತ್ತಿರ ಹೋಗಲು ಬೆಂಗಳೂರಿಗೇ ಓಡಬೇಕಾಗಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಗೊತ್ತಾದ ದಿನ ಬರುತ್ತಾರೆ, ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಅಂತ ವಿಚಾರಿಸಿ. ಅದಕ್ಕೂ ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಸರ್ಕಾರಿ ಸೇವೆ, ಹಗಲೂ ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ಫೋನ್ ನೀವೇ ಮಾಡಿ, ‘ನಾನೊಬ್ಬ ಕೋಚ್, ನನ್ನ ಹುಡುಗನಿಗೆ ಹಿಂಗಾಗಿದೆ’ ಅಂತ ಕೇಳಿ. ಚಟ ಬಿಡಿಸುವುದಕ್ಕೇ ಅಂತ ಇರುವ ಇನ್ನೊಂದು ನಂಬರ್ 14446. ಇಲ್ಲೆಲ್ಲ ಆಗದೆ ಹೋದರೆ ನಿಮ್ಹಾನ್ಸ್ ಇದ್ದೇ ಇದೆ, ಅಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ‘ಆರು ತಿಂಗಳು ಬಿಟ್ಟು ಹೋಗಿ, ಸರಿ ಮಾಡಿ ಕಳಿಸ್ತೀವಿ’ ಅಂತ ಬೀಗ ಹಾಕಿ ಇಡುವ ಜಾಗಗಳಿಗೆ, ‘ಗೊತ್ತಾಗದ ಹಾಗೆ ಊಟಕ್ಕೆ ಬೆರೆಸಿ’ ಅಂತ ಗೋಡೆ ಮೇಲೆ ಬರೆದಿರುವ ಪುಡಿಗಳಿಗೆ ಮಾತ್ರ ಮನೆಯವರು ಮರುಳಾಗದ ಹಾಗೆ ನೋಡಿಕೊಳ್ಳಿ. ಮದ್ಯವರ್ಜನ ಶಿಬಿರಕ್ಕೆ ಸೇರಿಸೋಣ ಅಂತಲೂ ಯಾರಾದರೂ ಹೇಳಬಹುದು. ಅದು ಕುಡಿತಕ್ಕೆ ಬಿದ್ದ ದೊಡ್ಡವರಿಗೆ ಇರುವಂಥದ್ದು. ಅಪ್ಪನಿಗೆ ಉಪಯೋಗವಾದೀತು, ಮಗನಿಗಲ್ಲ.

ಟೀಮಿನಿಂದ ತೆಗೆಯಬೇಕಾ? ಬೇಡ. ಮಂಡಿ ಉಳುಕಿದ ಹುಡುಗನನ್ನು ಪಂದ್ಯಕ್ಕೆ ಇಳಿಸುವುದಿಲ್ಲ, ಹಾಗಂತ ಮೈದಾನದಿಂದ ಓಡಿಸುವುದೂ ಇಲ್ಲ ಅಲ್ವಾ? ನಶೆಯಲ್ಲಿ ಬಂದ ದಿನ ಅಂಕಣಕ್ಕೆ ಇಳಿಸಬೇಡಿ. ಟ್ಯಾಕಲ್‌ನಲ್ಲಿ ಕತ್ತು ಮುರಿದುಕೊಂಡಾನು, ಇನ್ನೊಬ್ಬನ ಕಾಲು ಮುರಿದಾನು. ಅವತ್ತು ಪಕ್ಕದಲ್ಲಿ ಕೂರಲಿ, ಮನೆಗೆ ನೀವೇ ಬಿಟ್ಟುಬನ್ನಿ. ಉಳಿದ ದಿನ ಎಲ್ಲರ ಹಾಗೆ ಆಡಲಿ. ಸೆಲೆಕ್ಷನ್‌ಗೆ ಹೆಸರು ಕೊಡುವುದನ್ನು ಅವನ ಆಟ, ಹಾಜರಿ ನೋಡಿ ನಿರ್ಧರಿಸಿ. ‘ಬಿಟ್ಟರೆ ಹೆಸರು ಕೊಡ್ತೀನಿ’ ಅಂತ ಚೌಕಾಸಿ ಬೇಡ. ನಿಮ್ಮ ಗೆಳೆಯರಿಗೆ ಐಸ್‌ಲ್ಯಾಂಡ್ ದೇಶದ ವಿಷಯ ಹೇಳಿ. 1998ರಲ್ಲಿ ಅಲ್ಲಿನ 15-16ರ ಮಕ್ಕಳಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾದವರು ನೂರಕ್ಕೆ 42. 2016ಕ್ಕೆ ಅದು ನೂರಕ್ಕೆ 5ಕ್ಕೆ ಇಳಿಯಿತು. ಅಪ್ಪ ಅಮ್ಮಂದಿರನ್ನು ಒಟ್ಟುಗೂಡಿಸಿದರು, ಮಕ್ಕಳು ರಾತ್ರಿ ಹೊತ್ತು ಹೊರಗೆ ಅಲೆಯದ ಹಾಗೆ ನೋಡಿಕೊಂಡರು, ಅದರ ಜೊತೆ ಸರ್ಕಾರವೇ ದುಡ್ಡು ಹಾಕಿ ಮಕ್ಕಳನ್ನು ಆಟ, ಸಂಗೀತದ ಕ್ಲಬ್ಬುಗಳಿಗೆ ಸೇರಿಸಿತು. ನಿಮ್ಮ ಹುಡುಗನಿಗೆ ದಿನಕ್ಕೆ ಎರಡು ಗಂಟೆ ಆ ಗುಂಪಿನಿಂದ ದೂರ ಇರಲು ಇರುವ ಜಾಗ ಈ ಮೈದಾನ ಒಂದೇ. ಇಲ್ಲಿಂದ ತೆಗೆದರೆ ಅವನು ಸಂಜೆ ಎಲ್ಲಿಗೆ ಹೋಗುತ್ತಾನೆ ಅಂತ ಗೆಳೆಯರನ್ನೇ ಕೇಳಿ.

ಆದರೆ ಐಸ್‌ಲ್ಯಾಂಡಿನ ಕ್ಲಬ್ಬುಗಳಲ್ಲಿ ತರಬೇತಿ ಪಡೆದ ದೊಡ್ಡವರು ಇರುತ್ತಿದ್ದರು, ಬಿಯರ್ ಬಾಟಲಿ ಇರುತ್ತಿರಲಿಲ್ಲ. ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಖಾರವಾಗಿಯೇ ಇದೆ. ಬುದ್ಧಿ ಹೇಳಲು ಸನ್ಯಾಸಿ ಆಗಬೇಕಾಗಿಲ್ಲ. ನಿಮ್ಮ ಮನೆಯಲ್ಲಿ ನೀವೇನು ಕುಡಿಯುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು. ಆದರೆ ಟೀಮಿನ ಪಾರ್ಟಿಯಲ್ಲಿ ಇನ್ನು ಮೇಲೆ ಬಾಟಲಿ ಬೇಡ. ‘ಸೀನಿಯರ್ ಹುಡುಗರು’ ಅಂದಿರಲ್ಲ, ಅವರಿಗೆಲ್ಲ ಎಷ್ಟು ವಯಸ್ಸು? 18 ತುಂಬದವರ ಕೈಗೆ ಹೆಂಡವೋ ತಂಬಾಕೋ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ ಏಳು ವರ್ಷದವರೆಗೆ ಕಠಿಣ ಜೈಲು, ಒಂದು ಲಕ್ಷದವರೆಗೆ ದಂಡ. ನಿಮ್ಮ ಮನೆಯವರು ಪೊಲೀಸ್ ಕೇಸಿಗೆ ಹೆದರುವುದಾದರೆ ಹೆದರಬೇಕಾದ್ದು ಇದಕ್ಕೆ. ‘ಹೋಗಿ ಒಂದು ಸಿಗರೇಟ್ ತಗೊಂಡ್ ಬಾರೋ’ ಅಂತ ಹುಡುಗರನ್ನು ಅಂಗಡಿಗೆ ಕಳಿಸುವ ಅಭ್ಯಾಸ ನಿಮಗೋ ಗೆಳೆಯರಿಗೋ ಇದ್ದರೆ ಅದೂ ನಿಲ್ಲಲಿ. ಕರ್ನಾಟಕದಲ್ಲಿ 2025ರಿಂದ 21 ತುಂಬದವರಿಗೆ ತಂಬಾಕು ಮಾರುವಂತೆಯೇ ಇಲ್ಲ. ಹುಡುಗ ‘ನೀವೂ ಕುಡೀತೀರಲ್ಲ ಅಣ್ಣ’ ಅಂದರೆ ಸಮರ್ಥಿಸಿಕೊಳ್ಳಬೇಡಿ. ‘ಹೌದು, ನಿಮ್ಮ ಮುಂದೆ ಕುಡಿಯೋದು ತಪ್ಪು, ನಿಲ್ಲಿಸಿದ್ದೀನಿ’ ಅನ್ನಿ. ನಿಲ್ಲಿಸಿದ ಮೇಲೆ ಅನ್ನಿ.

ಹುಡುಗನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದರೆ ಕೇಸಾಗುತ್ತದೆ ಅನ್ನುವ ಭಯ ಬೇಡ. ಚಿಕಿತ್ಸೆಗೆ ತಾವಾಗಿ ಬರುವ ವ್ಯಸನಿಗಳಿಗೆ ಮಾದಕವಸ್ತು ಕಾಯ್ದೆಯಲ್ಲೇ ರಕ್ಷಣೆ ಇದೆ, ವೈದ್ಯರೂ ರೋಗಿಯ ಗುಟ್ಟು ಕಾಯುತ್ತಾರೆ. ಇನ್ನೊಂದು ಸಲ ಪೊಟ್ಟಣ ಸಿಕ್ಕರೂ ಅವತ್ತು ಮಾಡಿದ ಹಾಗೆ ಸುರಿದುಬಿಡಿ. ‘ಸಾಕ್ಷಿಗೆ ಇರಲಿ’ ಅಂತ ನಿಮ್ಮ ಬ್ಯಾಗಲ್ಲೋ ಬೈಕ್ ಡಿಕ್ಕಿಯಲ್ಲೋ ಇಟ್ಟುಕೊಳ್ಳಬೇಡಿ.

ಉಳಿದದ್ದು ಮಾರುವವನ ವಿಷಯ. ಹುಡುಗನ ಬಾಯಿಂದ ಹೆಸರು ಕಕ್ಕಿಸಲು ಹೋಗಬೇಡಿ, ಅದೇ ಮೊದಲ ಪ್ರಶ್ನೆಯಾದರೆ ಅವನು ಇನ್ನು ಏನನ್ನೂ ಹೇಳುವುದಿಲ್ಲ. ಸಿಟ್ಟಿನಲ್ಲಿ ನೀವೂ ಸೀನಿಯರ್ ಹುಡುಗರೂ ಸೇರಿ ಆ ಅಂಗಡಿಗೆ ನುಗ್ಗುವುದಂತೂ ಬೇಡವೇ ಬೇಡ. ಸುಳಿವು ಕೊಟ್ಟವನು ಯಾರು ಅಂತ ಅವರಿಗೆ ಅರ್ಥವಾಗಲು ಅರ್ಧ ದಿನ ಸಾಕು, ಪೆಟ್ಟು ಬೀಳುವುದು ಇವನಿಗೆ. ಆದರೆ ಒಂದನ್ನು ಮಾತ್ರ ಕೇಳಿ ತಿಳಿದುಕೊಳ್ಳಿ. ಇವನು ಬರೀ ಸೇದುತ್ತಾನಾ, ಇಲ್ಲಾ ಯಾರಿಗೋ ಪೊಟ್ಟಣ ತಲುಪಿಸುವ ಕೆಲಸವನ್ನೂ ಮಾಡುತ್ತಿದ್ದಾನಾ? ಸೇದಲು ದುಡ್ಡಿಲ್ಲದ ಹುಡುಗರನ್ನು ಹೀಗೆ ಓಡಾಡಿಸುತ್ತಾರೆ. ಮಕ್ಕಳನ್ನು ಇದಕ್ಕೆ ಬಳಸುವವನಿಗೂ ಬಾಲನ್ಯಾಯ ಕಾಯ್ದೆಯ 78ನೇ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಹಾಗೇನಾದರೂ ಆಗಿದ್ದರೆ ನೀವೊಬ್ಬರೇ ಠಾಣೆಗೆ ಹೋಗಬೇಡಿ. 1098ಕ್ಕೆ ಫೋನ್ ಮಾಡಿ, ಅಮ್ಮನನ್ನೋ ಮಾವನನ್ನೋ ಜೊತೆಗಿಟ್ಟುಕೊಂಡು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರ ಮೂಲಕ ಮುಂದುವರಿಯಿರಿ. ಬರೀ ಸೇದುವುದಷ್ಟೇ ಆದರೆ, ಕಾಲೇಜಿನ ಹತ್ತಿರ ಇಂಥ ಕಡೆ ಮಾರುತ್ತಾರೆ ಅಂತ ಪೊಲೀಸರಿಗೆ ತಿಳಿಸಿದರೆ ಸಾಕು. ಅದಕ್ಕೆ ನಿಮ್ಮ ಹುಡುಗನ ಹೆಸರು ಹೇಳಬೇಕಾಗಿಲ್ಲ.